ಬೀಗದಂಗಡಿಗೆ ಬಂದ ಮೇಲ್

"ಪಾಸ್‌ವರ್ಡ್ ಹಾಕ್ಬೇಡಿ ಮಾವ! ಕೈ ತೆಗೀರಿ!"

"ಒಂದ್ ಸಲ ಹಾಕಿ ಆಯ್ತಲ್ಲ ಅಳಿಯಂದ್ರೇ. ಖಾಲಿ ಪೇಜ್ ಬಂತು. ಅದಕ್ಕೇ ಇನ್ನೊಂದ್ ಸಲ..."

"ಮೊದಲನೇದು ಯಾವಾಗ?"

"ಒಂದು ಗಂಟೆ ಆಯ್ತೇನೋ."

ಅವರನ್ನು ಸರಿಸಿ ಸ್ಕ್ರೀನ್ ಮುಂದೆ ಕೂತೆ.

ನನ್ನ ಕಸುಬು ಕಂಪ್ಯೂಟರಿನೊಳಗೆ ನುಗ್ಗುವ ಕಳ್ಳರನ್ನು ಹಿಡಿಯುವುದು. ಮಾವನದು ಬೀಗದಂಗಡಿ. ಮಗಳನ್ನು ಕೊಡುವ ಮುಂಚೆ ನನ್ನ ಬಗ್ಗೆ ಮೂರು ತಿಂಗಳು ವಿಚಾರಿಸಿದ್ದರು. ಈ ಮೇಲ್‌ಗೆ ಮೂರು ಸೆಕೆಂಡೂ ಕೊಟ್ಟಿರಲಿಲ್ಲ!

ಓದಿದೆ. 'ಪ್ರಿಯ ಗ್ರಾಹಕರೇ, ಅರ್ಧ ಗಂಟೆಯಲ್ಲಿ ನಿಮ್ಮ ಮೇಲ್‌ಬಾಕ್ಸ್ ಬಂದ್ ಆಗುತ್ತದೆ. ಉಳಿಸಿಕೊಳ್ಳಲು ಇಲ್ಲಿ ಒತ್ತಿ.'

"ನಿಮ್ಮ ಹೆಸರೇ ಇವನಿಗೆ ಗೊತ್ತಿಲ್ಲ. ಅವಸರ ಮಾತ್ರ ಬೇಕಾದಷ್ಟಿದೆ. ಕಳಿಸಿದ ಅಡ್ರೆಸ್ ನೋಡಿದ್ರಾ?"

"ಕಂಪನಿ ಹೆಸರು ಇತ್ತಲ್ಲ?"

"ಬೋರ್ಡ್ ಯಾರು ಬೇಕಾದ್ರೂ ಬರೆಸ್ಬಹುದು ಮಾವ."

ಹೆಸರಿನ ಮೇಲೆ ಒತ್ತಿದೆ. ಅಡ್ರೆಸ್ಸಿನಲ್ಲಿ ಆ ಕಂಪನಿಯ ಸುಳಿವೇ ಇರಲಿಲ್ಲ.

ಸೆಂಟ್ ಬಾಕ್ಸ್ ತೆರೆದೆ. ಮುಕ್ಕಾಲು ಗಂಟೆಯ ಹಿಂದೆ ಒಂದು ಮೇಲ್ ಹೊರಗೆ ಹೋಗಿತ್ತು. ಮಾವ ಕಳಿಸಿದ್ದಲ್ಲ.

ಕೇಳಿ, ನಮ್ಮ ಮಾವನಿಗೊಂದು ಅಭ್ಯಾಸ. ಗಿರಾಕಿಗಳ ಮನೆಗೆ ಬೀಗ ಕೂರಿಸಿ ಬಂದ ಮೇಲೆ ಆ ಮನೆಯ ವಿಳಾಸ, ಕೀ ನಂಬರ್ ಎರಡನ್ನೂ ತಮಗೆ ತಾವೇ ಮೇಲ್ ಮಾಡಿಕೊಳ್ಳುತ್ತಾರೆ. ಪುಸ್ತಕದಲ್ಲಿ ಬರೆದರೆ ಕಳ್ಳರು ಕದಿಯುತ್ತಾರಂತೆ! ಆ ನಂಬರ್ ಸಿಕ್ಕರೆ ಸಾಕು, ಯಾವ ಕೀ ಅಂಗಡಿಯಲ್ಲಾದರೂ ಕೀ ಮಾಡಿಸಬಹುದು.

ಹೊರಗೆ ಹೋಗಿದ್ದು ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮನ ವಿಳಾಸ, ಕೀ ನಂಬರ್.

ಮಾವ ಎದ್ದು ನಿಂತರು.

"ಗಂಡ ಹೊಡೀತಾನೆ ಅಂತ ಬಿಟ್ಟು ಬಂದವಳು. ಹೋದ ವಾರ ಬೀಗ ಹಾಕ್ಕೊಟ್ಟೆ. ನಿನ್ನೆ ಅವನೇ ಬಂದು ಡೂಪ್ಲಿಕೇಟ್ ಕೇಳಿದ್ದ... ಕತ್ತು ಹಿಡಿದು ಆಚೆ ದಬ್ಬಿದ್ದೆ!"

"ಇವತ್ತು ನಿಮ್ಮ ಮೇಲ್ ಅನ್ನೋ ಕಿಟಕಿಯಿಂದ ಬಂದಿದ್ದಾನೆ."

ಟೈಲರಮ್ಮನಿಗೆ ಫೋನ್ ಮಾಡಿದೆ. ರಿಂಗಾಯಿತು. ಎತ್ತಲಿಲ್ಲ.

"ಮಿಷನ್ ಸದ್ದಲ್ಲಿ ಅವಳಿಗೆ ಕೇಳ್ಸಲ್ಲ," ಎಂದರು ಮಾವ.

ಪಾಸ್‌ವರ್ಡ್ ಬದಲಿಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪೊಲೀಸರಿಗೆ ವಿಳಾಸ ಹೇಳಿ ಬೈಕ್ ಹತ್ತಿದೆ. ಹಿಂದೆ ಮಾವ, ತೊಡೆಯ ಮೇಲೆ ಟೂಲ್ ಬಾಕ್ಸ್. ಎರಡು ಸಿಗ್ನಲ್ ಹಾರಿಸಿದೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು.

ಮೂರನೇ ಮಹಡಿ...

ಅವನು ಬಾಗಿಲಲ್ಲೇ ಇದ್ದ. ಹೊಸ ಕೀ ತಿರುಗಿತು. ಬಾಗಿಲು ನಾಲ್ಕು ಬೆರಳು ತೆರೆದು ನಿಂತಿತು. ಒಳಗಿನಿಂದ ಚೈನ್ ಹಾಕಿತ್ತು.

ಹೊಲಿಗೆ ಮಿಷನ್ ಸದ್ದು ನಿಂತಿತು.

"ನನ್ನ ಹೆಂಡ್ತಿ ಮನೆ. ನಿಂಗೇನೋ?" ಎಂದ. ಕೈಯಲ್ಲಿ ಕಬ್ಬಿಣದ ರಾಡ್.

"ಕೀ ಯಾರು ಕೊಟ್ರು?"

"ಬೀಗದವ್ರೇ ಕೊಟ್ರು."

ಪೂರ್ತಿ ಸುಳ್ಳೂ ಅಲ್ಲ!

ರಾಡ್ ಮೇಲೆತ್ತಿದ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹೊರಬಂದು ಅವನ ತೋಳಿಗೆ ಚುಚ್ಚಿತು. ರಾಡ್ ಕೆಳಗೆ ಬಿತ್ತು. ಉಳಿದದ್ದನ್ನು ನಾನು ನೋಡಿಕೊಂಡೆ.

ಪೊಲೀಸರು ಅವನನ್ನು ಎಳೆದುಕೊಂಡು ಹೋದರು. ಮಾವ ಹೊಸ ಬೀಗ ಕೂರಿಸತೊಡಗಿದರು. ನಾನು ಅವರ ಮೇಲ್‌ಗೆ ಎರಡನೇ ಬೀಗ ಹಾಕಿದೆ. ಇನ್ನು ಪಾಸ್‌ವರ್ಡ್ ಕದ್ದರೆ ಸಾಲದು, ಮಾವನ ಫೋನಿಗೆ ಬರುವ ಕೋಡೂ ಬೇಕು.

"ಆ ಕೋಡ್ ಯಾರು ಕೇಳಿದ್ರೂ ಹೇಳ್ಬೇಡಿ ಮಾವ."

"ನೀವು ಕೇಳಿದ್ರೆ?"

"ನಾನು ಕೇಳಿದ್ರೂ."

ಕೀ ನಂಬರಿನ ಮೇಲ್‌ಗಳನ್ನೆಲ್ಲ ಅಳಿಸಿದೆ. ಮಾವ ಸ್ಕ್ರೂ ತಿರುಗಿಸುತ್ತಿದ್ದರು.

"ತಪ್ಪಾಯ್ತು ಕಣಮ್ಮ. ಇನ್ಮೇಲೆ ಯಾರ ನಂಬರೂ ಇಟ್ಕೊಳ್ಳಲ್ಲ."

ಮಾವ ಯಾರೆದುರೂ ತಪ್ಪಾಯ್ತು ಅಂದದ್ದನ್ನು ನಾನು ಕೇಳಿರಲಿಲ್ಲ. ಪಾಪ ಅನ್ನಿಸಿತು.

ಟೈಲರಮ್ಮನಿಗೆ ಹಾಗೆ ಅನ್ನಿಸಿದಂತೆ ಕಾಣಲಿಲ್ಲ. ಕತ್ತರಿ ಒರೆಸುತ್ತಾ ಕೇಳಿದಳು:

"ಗಂಡನಿಗೆ ಹೆದರಿ ಬೀಗ ಹಾಕಿಸ್ದೆ. ಬೀಗದವರಿಗೆ ಹೆದರಿ ಏನ್ ಹಾಕಿಸ್ಲಿ?"

ಆ ಐಟಂ ನಮ್ಮ ಅಂಗಡಿಯಲ್ಲಿ ಇರಲಿಲ್ಲ.