ಹೆಬ್ಬಾವಿನ ಗಂಟೆ

ಸೊಕ್ಕೆ ಊರಿನಾಚೆಯ ಕುರುಚಲು ಕಾಡಿನಲ್ಲಿ, ಸುಡುವ ಮಧ್ಯಾಹ್ನ ಆ ಹೆಬ್ಬಾವು ಕಂಡಿತು. ಹೊಟ್ಟೆ ಉಬ್ಬಿಸಿಕೊಂಡು ಬಂಡೆಯ ಮೇಲೆ ಬಿದ್ದಿತ್ತು. ಕ್ಯಾಮೆರಾ ಹಿಡಿದು ಹತ್ತಿರ ಕೂತೆ. ಕಾದಿರಬೇಕಾದ ಬಂಡೆ ತಣ್ಣಗಿತ್ತು. ಹಾವಿನೊಳಗಿಂದ ಸಣ್ಣಗೆ ಗಂಟೆಯ ಸದ್ದು ಬರುತ್ತಿತ್ತು. ತಲೆ ಎತ್ತಲಿ ಎಂದು ಕ್ಯಾಮೆರಾ ಸ್ಟ್ಯಾಂಡಿನಿಂದ ತಿವಿದೆ. ಅದು ನುಂಗಿದ್ದ ಕುರಿಮರಿಯನ್ನು ಕಕ್ಕಿ ಪೊದೆಗೆ ನುಸುಳಿತು.

ಹಿಂಡಿನೊಡನೆ ಮರಿ ಹುಡುಕುತ್ತ ಬಂದ ಕುರಿ ಕಾಯುವ ಉಡಚಮ್ಮಜ್ಜಿ, “ಮರಿ ಹೆಂಗೂ ಹೋತು. ಅದು ತಿಂದಿದ್ದನ್ನೂ ಕಕ್ಸಿದ್ಯಲ್ಲಪ್ಪಾ, ಒಂದು ಫೋಟೋಕ್ಕೆ?” ಎಂದಳು.

ಮಾತು ಮರೆಸಲು, “ಮರಿ ಗಂಟೆ ಕೇಳಿಸ್ತಿತ್ತಜ್ಜಿ” ಎಂದೆ.

“ಮರಿಗೆ ಯಾರು ಗಂಟೆ ಕಟ್ತಾರೆ? ಕಟ್ಟೋದು ಟಗರಿಗೆ. ಹಿಂಡು ಅದರ ಸದ್ದು ಹಿಡ್ಕಂಡು ಹೋಗ್ತೈತೆ.”

ಮರಿಯ ಕೊರಳು ಬರಿದಾಗಿತ್ತು. ಗಂಟೆಯ ಸದ್ದು ಈಗ ಪೊದೆಯೊಳಗಿಂದ ಬರುತ್ತಿತ್ತು. ಕೊರಳಲ್ಲಿ ಗಂಟೆಯಿದ್ದ ಟಗರು ಅಜ್ಜಿಯ ಪಕ್ಕದಲ್ಲೇ ಅಲುಗಾಡದೆ ನಿಂತಿತ್ತು. ಕುರಿಗಳೆಲ್ಲ ನನ್ನನ್ನು ದಾಟಿ ಪೊದೆಯ ಕಡೆ ಹೊರಟಿದ್ದವು.