ಒಗೆಯದೆ ಇಟ್ಟ ಸ್ವೆಟರ್

“ಒಗೀಲಾರದ ಅರಿವಿ ಆ ಗ್ವಾಡಿ ಅಲಮಾರ್ಯಾಗ ಇಡಬ್ಯಾಡ್ರಿ ಅಕ್ಕಾರ,” ಅಂದಳು ಗದಿಗೆಮ್ಮ. ಸನತ್‌ನಗರದ ಆ ಮನೆಯ ಕೆಳಕೋಣೆಯಲ್ಲಿದ್ದು ಮೆಟ್ಟಿಲು ಗುಡಿಸುವ ಯಾದಗಿರಿಯ ಮುದುಕಿ ಅವಳು.

ನೀಲಾ ನಕ್ಕಳು. ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ವರ್ಗವಾಗಿ, ಮೇಲಿನ ಮನೆಗೆ ಬಾಡಿಗೆಗೆ ಬಂದು ವಾರವಾಗಿತ್ತಷ್ಟೆ. ಬೆವರಿಗೆ ನುಸಿ ಹತ್ತುತ್ತದೆ, ದೆವ್ವವಲ್ಲ ಅಂದಳು. ಗದಿಗೆಮ್ಮ ನಗಲಿಲ್ಲ. ಹಿಂದೆ ಅಲ್ಲಿದ್ದ ಹೆಂಗಸೊಬ್ಬಳು, ಗಂಡ ಬಿಟ್ಟುಹೋಗದಿರಲೆಂದು ಅವನ ಬೆವರಂಗಿಗೆ ಮಾಟ ಮಾಡಿಸಿ, ಆ ಅಲಮಾರಿಯ ಹಿಂದಿನ ಗೋಡೆಯಲ್ಲಿ ಹೂಳಿಸಿದ್ದಳಂತೆ. ಗಂಡ ಹೋಗಲಿಲ್ಲ. ಮೂರೇ ತಿಂಗಳಲ್ಲಿ ಒಣಗಿ ಅಲ್ಲೇ ಸತ್ತ. ಸತ್ತಮೇಲೂ ಹೋಗಲಿಲ್ಲ.

ಫೆಬ್ರವರಿ ಮುಗಿಯುತ್ತಿತ್ತು. ನೀಲಾ ಶಾಲು, ಕಂಬಳಿಗಳನ್ನೆಲ್ಲ ಒಗೆದು, ಎರಡು ಬಿಸಿಲು ಕಾಣಿಸಿ, ಬೇವಿನೆಲೆ, ನುಸಿಗುಳಿಗೆ ಹಾಕಿ ಮಡಿಚಿಟ್ಟಳು. ಒಂದನ್ನು ಮಾತ್ರ ಒಗೆಯಲಿಲ್ಲ. ಡಿಸೆಂಬರಿನಲ್ಲಿ ತೀರಿಕೊಂಡ ಗಂಡ ಶಿವಪ್ರಕಾಶನ ಕಂದು ಸ್ವೆಟರ್. ಅದರ ಕೊರಳಲ್ಲಿ ಅವನ ವಾಸನೆ ಇನ್ನೂ ಇತ್ತು. ನೀರು ಮುಟ್ಟಿಸಿದರೆ ಅದೂ ಹೋಗುತ್ತಿತ್ತು. ಹಳೆಯ ಸೀರೆಯಲ್ಲಿ ಸುತ್ತಿ ಅಲಮಾರಿಯಲ್ಲಿಟ್ಟಳು.

ಮಾರ್ಚಿನ ಒಂದು ಭಾನುವಾರ ತಡೆಯಲಾರದೆ ಬಿಚ್ಚಿ ನೋಡಿದಳು. ವಾಸನೆ ಕುಂದಿರಲಿಲ್ಲ, ಹೆಚ್ಚಿತ್ತು. ಯಾರೋ ಬಿಸಿಲಿಂದ ಬಂದು ಈಗತಾನೇ ಕಳಚಿಟ್ಟಂತೆ ಕಂಕುಳ ಭಾಗ ಹಸಿಯಾಗಿತ್ತು. ಹೆದರಬೇಕಿತ್ತು. ಅವಳು ಅದರಲ್ಲಿ ಮುಖ ಹುದುಗಿಸಿ ಅತ್ತಳು.

ಆಮೇಲೆ ದಿನಾಲೂ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಅಲಮಾರಿ ತೆರೆಯುತ್ತಿದ್ದಳು. ಆ ತೆಲುಗರ ಓಣಿಯಲ್ಲಿ ಅವಳೊಡನೆ ಕನ್ನಡ ಆಡುವವಳು ಗದಿಗೆಮ್ಮ ಒಬ್ಬಳೇ. ಅವಳ ಜತೆಗೂ ಮಾತು ಬಿಟ್ಟಳು. ಊಟ ಸೇರಲಿಲ್ಲ. ಕೈಗಡಿಯಾರ ಮೊಣಕೈವರೆಗೆ ಜಾರತೊಡಗಿತು.

ಮೇ ತಿಂಗಳ ಒಂದು ರಜೆಯ ನಡುಮಧ್ಯಾಹ್ನ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಕಿಟಕಿಗೆ ಕಟ್ಟಿದ ಒದ್ದೆ ಚಾದರದಿಂದ ಕೋಣೆ ಕತ್ತಲಾಗಿತ್ತು. ನೀಲಾ ಅಲಮಾರಿಯೊಳಗೆ ಬಾಗಿ ಸ್ವೆಟರಿಗೆ ಕೆನ್ನೆಯಿಟ್ಟಳು. ಉಣ್ಣೆ ಮೈಯಂತೆ ಬೆಚ್ಚಗಿತ್ತು. ಒಂದು ತೋಳು ಮೆಲ್ಲಗೆ ಎದ್ದು ಅವಳ ಬೆನ್ನು ಬಳಸಿತು. ಐದು ತಿಂಗಳಿಂದ ಯಾರೂ ಮುಟ್ಟಿರದ ಬೆನ್ನು. ಅವಳು ಬಿಡಿಸಿಕೊಳ್ಳಲಿಲ್ಲ.

ಆಗ ಮೂಗಿಗೆ ಬಡಿಯಿತು. ಶಿವಪ್ರಕಾಶನ ವಾಸನೆಯ ಅಡಿಯಲ್ಲಿ ಇನ್ನೊಂದು. ಹಸಿ ಸುಣ್ಣ. ಕೊಳೆತ ಬಟ್ಟೆ. ಬೀಡಿ. ಶಿವಪ್ರಕಾಶ ಬೀಡಿ ಮುಟ್ಟಿದವನಲ್ಲ. ಇವನು ಬೇರೆ ಯಾರೋ. ತೋಳು ಬಿಗಿಯಿತು. ಇನ್ನೊಂದು ತೋಳೂ ಬಂತು. ಅಲಮಾರಿಯ ಬಾಗಿಲು ಬೆನ್ನಿಗೆ ಒತ್ತಿತು. ಉಸಿರಿಲ್ಲ. ಬೆಳಕಿಲ್ಲ. ಕಿವಿಯ ಹತ್ತಿರ ಯಾರೋ ಅವಳನ್ನು ಮೂಸಿದರು. ಆಳವಾಗಿ, ಹಸಿದವರಂತೆ. ಮೂಗಿನ ಬುಡದಿಂದ ಏನೋ ಕಿತ್ತುಬಂದಂತಾಯಿತು. ನೀಲಾ ಕಿರುಚಿದಳು.

ಓಡಿಬಂದ ಗದಿಗೆಮ್ಮ ಸೊಂಟ ಹಿಡಿದು ಹೊರಗೆಳೆದಳು. ಸ್ವೆಟರ್ ಮುಂಗೈಗೆ ಸುತ್ತಿಕೊಂಡೇ ಬಂತು. ಬಚ್ಚಲಿಗೆ ನೂಕಿ, ಬಕೆಟ್ ನೀರು ಸುರಿದು, ಸಾಬೂನು ಕೈಗಿಟ್ಟಳು.

“ನೀವ ಒಗೀಬೇಕ್ರಿ. ನಾ ಒಗದ್ರ ಅಂವ ಬಿಡೂದಿಲ್ಲ.”

“ನಮ್ಮನಿಯವರ ವಾಸನಿ ಹೋಗತೈತಿ,” ಅಂದಳು ನೀಲಾ.

“ಹೋಗ್ಲಿ ಬಿಡ್ರಿ, ಯವ್ವಾ.”

ಒಗೆದಳು. ತಿಕ್ಕಿದಳು. ಹಿಂಡಿದಳು. ಸುಣ್ಣ ಕದಡಿದಂಥ ನೀರು ಹರಿಯಿತು. ಮೂರನೆಯ ಸಲಕ್ಕೆ ತಿಳಿಯಾಯಿತು. ಮುಂಗೈಯ ಬಿಗಿತ ಸಡಿಲಿತು. ಮಾಳಿಗೆಯ ಬಿಸಿಲಲ್ಲಿ ಒಣಗಿದ ಸ್ವೆಟರನ್ನು ಸಂಜೆ ಮೂಸಿ ನೋಡಿದಳು. ಏನೂ ಇರಲಿಲ್ಲ. ಸಾಬೂನಿನ ವಾಸನೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗದಿಗೆಮ್ಮ ಕೆಳಗಿನಿಂದ ಕೂಗಿದಳು: “ಅಕ್ಕಾರ, ಹಾಲು ಸೀದ ವಾಸನಿ ಓಣಿತುಂಬ ಬರಾಕತ್ತೈತ್ರಿ.”

ನೀಲಾ ಅಡುಗೆಮನೆಯಲ್ಲೇ, ಒಲೆಗೆ ಬೆನ್ನುಮಾಡಿ ಕೂತು, ತಲೆ ಬಾಚಿಕೊಳ್ಳುತ್ತಿದ್ದಳು.