ಗೋಡೆಗೆ ಒತ್ತಿದ ಡ್ರೈಯರ್

"ಅಮ್ಮಾ, ಇನ್ನೂ ಒದ್ದೆನೇ ಇದೆ!"

ಸಣಕಲು ಅಂತ ಎಲ್ಲರೂ 'ಕಡ್ಡಿ' ಎಂದೇ ಕರೆಯುತ್ತಿದ್ದ ಹುಡುಗಿ ಬಟ್ಟೆ ಒಣಗಿಸುವ ಡ್ರೈಯರ್‌ನಿಂದ ಯೂನಿಫಾರ್ಮನ್ನು ಎಳೆದಳು. ಅಂಗಿ ಬಿಸಿಯಾಗಿತ್ತು, ಆದರೆ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ಬಾಗಿಲ ಗಾಜಿನ ತುಂಬ ಹಬೆ.

ಅಪ್ಪನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಅವಳಿಗೆ ಇದು ಮೊದಲ ಶಾಲೆಯ ದಿನ. ಅಡುಗೆಮನೆಯಲ್ಲಿ ಅಮ್ಮ ಟಿಫಿನ್ ಬಾಕ್ಸಿನ ಮುಚ್ಚಳ ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

ಉಳಿದುಕೊಂಡಿದ್ದ ಚಿಕ್ಕಪ್ಪ ಬಗ್ಗಿ ನೋಡಿದ. "ನಮ್ಮಣ್ಣನ ರಿಪೇರಿ ಅರ್ಧಕ್ಕೇ ನಿಂತಿದೆ. ಅತ್ತಿಗೆ, ಸಂಜೆ ಗುಜರಿಯವನಿಗೆ ಫೋನ್ ಮಾಡ್ಲಾ?"

"ಹೂಂ," ಅಂದಳು ಅಮ್ಮ.

ಕಡ್ಡಿ ಒದ್ದೆ ಅಂಗಿಯನ್ನು ಮತ್ತೆ ಡ್ರೈಯರಿನೊಳಗೆ ತುರುಕಿದಳು.

ಅಪ್ಪ ಆಸ್ಪತ್ರೆ ಸೇರುವ ಹಿಂದಿನ ದಿನ ಭಾನುವಾರ. ಡ್ರೈಯರಿನ ಬೆಲ್ಟ್ ಹರಿದು ಒಳಗಿನ ಡ್ರಮ್ ತಿರುಗುತ್ತಿರಲಿಲ್ಲ. ಅಪ್ಪ ಹೊಸ ಬೆಲ್ಟ್ ತಂದು, ಪೇಪರ್ ಹಾಸಿ, ಸ್ಕ್ರೂಗಳನ್ನೆಲ್ಲ ಸಾಲಾಗಿ ಇಟ್ಟಿದ್ದ.

"ಕೊನೇಲಿ ಎಷ್ಟು ಸ್ಕ್ರೂ ಮಿಗುತ್ತೆ? ಬೆಟ್ ಕಟ್ತೀಯಾ?" ಎಂದು ಅವಳು ಕೇಳಿದ್ದಳು.

"ಒಂದೂ ಮಿಗಲ್ಲ ಕಣೇ. ಇಲ್ಲೇ ಕೂತು ನೋಡು."

ಅವಳು ಕೂರಲಿಲ್ಲ. ಆಡಲು ಓಡುತ್ತ, ಕೆಳಮನೆಯ ಟೈಲರ್ ಆಂಟಿಗೆ ಮೆಟ್ಟಿಲಿನಿಂದಲೇ ಕೂಗಿದ್ದಳು. "ಆಂಟೀ, ನಮ್ಮಪ್ಪ ಕೈ ಹಾಕಿದಾರೆ. ಮಷೀನ್ ಕತೆ ಮುಗೀತು!" ಆಂಟಿ ನಕ್ಕಿದ್ದರು. ಮೇಲೆ ಕೆಲಸದ ಸದ್ದು ಒಂದು ಗಳಿಗೆ ನಿಂತಿತ್ತು. ಅಪ್ಪನಿಗೆ ಕೇಳಿಸಿರಬೇಕು.

ಸಂಜೆ ಬಂದಾಗ ಮಷೀನು ಮುಚ್ಚಿತ್ತು. 'ಆಯ್ತಾ?' ಎಂದು ಅವಳು ಕೇಳಲೇ ಇಲ್ಲ.

ಈಗ ಬಾಗಿಲು ಮುಚ್ಚಿ ಬಟನ್ ಒತ್ತಿದಳು. "ತಿರುಗ್ತಾ ಇದೆ ನೋಡು ಚಿಕ್ಕಪ್ಪ. ಅವತ್ತು ತಿರುಗ್ತಾನೇ ಇರ್ಲಿಲ್ಲ."

"ಬರೀ ತಿರುಗಿದ್ರೆ ಆಯ್ತೇನೇ? ಬಟ್ಟೆ ಒಣಗ್ಬೇಕು, ಜಾತ್ರೆ ತೊಟ್ಟಿಲಾ ಅದು?"

"ಬಿಸಿನೂ ಆಗ್ತಿದೆ!"

ಚಿಕ್ಕಪ್ಪ ಮಷೀನ್ ನಿಲ್ಲಿಸಿ, ನೂಲಿನ ಧೂಳು ಹಿಡಿಯುವ ಜಾಲರಿಯನ್ನು ಎಳೆದು ನೋಡಿದ. ಚೊಕ್ಕಟವಾಗಿತ್ತು. ಅಪ್ಪನೇ ಒರೆಸಿಟ್ಟಿರಬೇಕು.

ಕಡ್ಡಿ ಮತ್ತೆ ಮಷೀನ್ ಹಾಕಿಸಿದಳು. ಕಿಟಕಿಯಿಂದ ಹೊರಗೆ ಚಾಚಿದ ಪೈಪಿನ ಬಾಯಿಗೆ ಅಂಗೈ ಹಿಡಿದಳು. ಅಲ್ಲಿಂದ ಯಾವಾಗಲೂ ಬಿಸಿಗಾಳಿ ಬರುತ್ತಿತ್ತು. ಈಗ ಏನೂ ಇಲ್ಲ.

"ಹಬೆ ಹೊರಗೇ ಹೋಗ್ತಿಲ್ಲ. ಹಿಂದೆ ಏನೋ ಆಗಿದೆ!"

"ಇರು, ಮೊದಲು ಪ್ಲಗ್ ತೆಗೀತೀನಿ," ಅಂದ ಚಿಕ್ಕಪ್ಪ. ಇಬ್ಬರೂ ಸೇರಿ ಮಷೀನನ್ನು ಮುಂದಕ್ಕೆ ಎಳೆದರು. ಹಿಂದಿನ ಪೈಪು ಕಾಲಡಿ ಸಿಕ್ಕ ಪೇಪರ್ ಲೋಟದ ಹಾಗೆ ಚಪ್ಪಟೆಯಾಗಿತ್ತು.

ಚಿಕ್ಕಪ್ಪ ಅದನ್ನೇ ನೋಡುತ್ತ ನಿಂತ. "ಅಣ್ಣ ಹೋದ ದಿನ ಬಂದವರಿಗೆ ಕುರ್ಚಿ ಹಾಕೋಕೆ ಜಾಗ ಸಾಲ್ಲಿಲ್ಲ," ಅಂದ ಮೆಲ್ಲಗೆ. "ಇದನ್ನ ಗೋಡೆಗೆ ಒತ್ತಿದ್ದು ನಾನೇ."

ಕಡ್ಡಿ ತನ್ನ ಸಪೂರ ಕೈ ತೂರಿಸಿ ಪೈಪಿನ ಮಡಿಕೆ ಬಿಡಿಸಿದಳು. ಬೆರಳಿಗೆ ಏನೋ ತಾಗಿತು. ಪುಟ್ಟ ಸ್ಕ್ರೂಡ್ರೈವರ್, ಹಿಡಿಗೆ ಕೆಂಪು ದಾರ ಸುತ್ತಿದೆ. ಟೈಲರ್ ಆಂಟಿಯ ಹೊಲಿಗೆ ಮಷೀನಿನದು. ಅಪ್ಪ ಕೇಳಿ ತಂದಿರಬೇಕು.

ಮಷೀನಿನ ಹಿಂದೆ ನೆಲವೆಲ್ಲ ಹುಡುಕಿದಳು. ಒಂದು ಸ್ಕ್ರೂ ಕೂಡ ಬಿದ್ದಿರಲಿಲ್ಲ.

ಮಷೀನನ್ನು ಗೋಡೆಯಿಂದ ಸ್ವಲ್ಪ ದೂರ ಇಟ್ಟು, ಚಿಕ್ಕಪ್ಪ ಮತ್ತೆ ಪ್ಲಗ್ ಹಾಕಿದ. ಈ ಸಲ ಡ್ರೈಯರ್ ನಿಂತಾಗ ಅಮ್ಮನೇ ಬಂದು ಬಾಗಿಲು ತೆಗೆದಳು. ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿ ನೋಡಿದಳು.

"ಒಣಗಿದೆ," ಅಂದಳು. "ಹಾಕ್ಕೋ. ಫಸ್ಟ್ ಪೀರಿಯಡ್ ಹೋದ್ರೆ ಹೋಗ್ಲಿ."

ಚಿಕ್ಕಪ್ಪ ಫೋನಿನ ಮಾತು ಮತ್ತೆ ಎತ್ತಲಿಲ್ಲ.

ಕೆಳಗೆ ಟೈಲರ್ ಆಂಟಿ ಚಾಕುವಿನ ತುದಿಯಿಂದ ಹೊಲಿಗೆ ಮಷೀನಿನ ಸೂಜಿಯ ಸ್ಕ್ರೂ ಬಿಗಿ ಮಾಡುತ್ತಿದ್ದರು. ಕಡ್ಡಿ ಬ್ಯಾಗ್ ಇಳಿಸಿ ಸ್ಕ್ರೂಡ್ರೈವರ್ ಚಾಚಿದಳು.

"ಅಯ್ಯೋ, ಇದಕ್ಕೇನು ಅವಸರ ಇತ್ತು ಮಗಾ?" ಆಂಟಿ ಅದನ್ನು ತೆಗೆದುಕೊಂಡು ದಾರವನ್ನು ಸವರಿದರು. "ಪಾಪ, ಅಷ್ಟು ಒದ್ದಾಡಿದ್ರು ನಿಮ್ಮಪ್ಪ. ಕೊನೆಗೂ ಮಷೀನ್ ರಿಪೇರಿ ಆಗ್ಲಿಲ್ಲ ಅಲ್ವಾ?"

"ಆಗಿತ್ತು ಆಂಟಿ."

ಅವತ್ತು ಕೂಗಿದಷ್ಟೇ ಜೋರಾಗಿ ಹೇಳಬೇಕೆಂದಿದ್ದಳು. ಆದರೆ ಪಿಸುಮಾತಿನಂತೆ ಬಂತು. ಆಂಟಿಗೆ ಕೇಳಿಸಿತೋ ಇಲ್ಲವೋ ಎಂದು ಹತ್ತಿರ ಸರಿದು ಮತ್ತೊಮ್ಮೆ ಹೇಳಿದಳು.

"ಅವತ್ತೇ ಆಗಿತ್ತು."